ಅಯ್ಯನವರು ನಡೆದ ಬಟ್ಟೆ

ಹೊಟ್ಟೆಪಾಡಿಗೆ ನಾನು ಮಾಡುವ ಕೆಲಸಗಳಲ್ಲಿ ಮಣ್ಣಿಗೆ ಬಟ್ಟೆ ಹಾಸುವುದೂ ಒಂದು. ಬೆಳಗಾವಿಯ ವಡಗಾವಿಯಲ್ಲಿ ನನಗೆ ಮನೆ ಬಾಡಿಗೆಗೆ ಕೊಟ್ಟಿರುವ ಮುದುಕಿಗೆ ಇದನ್ನು ಮೊದಲ ಸಲ ಹೇಳಿದಾಗ ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಅವರು ಮಗ್ಗದ ಮನೆತನದವರು. ಹಿತ್ತಲಲ್ಲಿ ಇವತ್ತಿಗೂ ಪವರ್‌ಲೂಮ್ ಬಡಿದುಕೊಳ್ಳುತ್ತಲೇ ಇರುತ್ತದೆ.

"ಮೈಮ್ಯಾಲೆ ಉಡಾಕ ನೇಯ್ದದ್ದ ಮಾರಾಟ ಆಗವಲ್ದು, ನೀ ಮಣ್ಣಾಗ ಹೂಳಾಕ ಬಟ್ಟಿ ತರ್ತಿಯೇನವಾ? ಸತ್ತವರಿಗೆ ಹೊದಸೂದು ಕಂಡೇನಿ, ರಸ್ತೇಕ್ಕ ಹೊದಸೂದು ಕಂಡಿದ್ದಿಲ್ಲ ನೋಡು" ಅಂದಳು.

ಅವಳ ನಗು ನನಗೆ ಸಿಟ್ಟು ತರಲಿಲ್ಲ. ಗೊತ್ತಿಲ್ಲದವರು ನಗುತ್ತಾರೆ, ಅದು ಸಹಜ. ಗೊತ್ತಿದ್ದೂ ಕೈಬಿಟ್ಟವರ ಮೇಲೆ, ಕೈಯಾರೆ ಕತ್ತರಿಸಿದವರ ಮೇಲೆ ನನ್ನ ಸಿಟ್ಟು. ಅದು ಇನ್ನೂ ಆರಿಲ್ಲ, ಆರಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಆ ಬಟ್ಟೆಗೆ ಜಿಯೋಟೆಕ್ಸ್‌ಟೈಲ್ ಅನ್ನುತ್ತಾರೆ. ನಮ್ಮ ರೋಲರ್ ಓಡಿಸುವವನು ಅದನ್ನು ರಸ್ತೆ ಕಂಬಳಿ ಎಂದು ಕರೆಯುತ್ತಾನೆ. ಬಿಳಿಯದು, ದಪ್ಪನೆಯದು, ನೇಯದೆ ಎಳೆಗಳನ್ನು ಒತ್ತಿ ಮಾಡಿದ್ದು. ನೀರನ್ನು ಬಿಡುತ್ತದೆ, ಮಣ್ಣನ್ನು ಬಿಡುವುದಿಲ್ಲ. ಮೆತ್ತನೆಯ ಕೆಸರುನೆಲದ ಮೇಲೆ ಬರೀ ಜಲ್ಲಿ ಸುರಿದರೆ ಗಾಡಿ ಓಡಾಡಿದ ಹಾಗೆ ಜಲ್ಲಿ ಕೆಳಗೆ ಇಳಿಯುತ್ತದೆ, ಕೆಸರು ಸಂದುಗಳಿಂದ ಮೇಲೆ ಏರುತ್ತದೆ. ಸ್ವಲ್ಪ ದಿನಕ್ಕೆ ಕಲ್ಲು ಯಾವುದು ಮಣ್ಣು ಯಾವುದು ಎಂದು ತಿಳಿಯುವುದಿಲ್ಲ. ನಡುವೆ ಈ ಬಟ್ಟೆ ಹಾಸಿದರೆ ಕಲ್ಲು ತನ್ನ ಜಾಗದಲ್ಲಿ, ಮಣ್ಣು ತನ್ನ ಜಾಗದಲ್ಲಿ ಉಳಿಯುತ್ತವೆ. ಇಷ್ಟೇ ಇದರ ವಿದ್ಯೆ. ಇದನ್ನು ತಿಳಿಯಲು ಡಿಪ್ಲೊಮಾ ಬೇಕಾಗಿಲ್ಲ, ನಾನು ಮಾತ್ರ ಮಾಡಿಕೊಂಡಿದ್ದೇನೆ.

ನಮ್ಮದು ದೇಸೂರ ಕಡೆಯ ಕುರಿ ಕಾಯುವ ಮನೆತನ. ಅಪ್ಪ ಕುರಿ ಮಾರಿ ನನ್ನನ್ನು ಬೆಳಗಾವಿಯಲ್ಲಿ ಓದಿಸಿದ. ಅಕ್ಕನನ್ನು ಓದಿಸಲಿಲ್ಲ. ಅವಳನ್ನು ಖಾನಾಪುರ ತಾಲ್ಲೂಕಿನಲ್ಲಿ, ಗುಂಜಿಯಿಂದ ಒಳಗೆ ಕಾಡಿನ ಅಂಚಿಗಿರುವ ಒಂದು ಹಳ್ಳಿಗೆ ಕೊಟ್ಟರು. ಹೀಗಾಗಿ ನಾನು ಹೆಲ್ಮೆಟ್ ಹಾಕಿಕೊಂಡು ಒಬ್ಬ ಗುತ್ತಿಗೆದಾರನ ಕೈಕೆಳಗೆ ಸೈಟ್ ಇಂಜಿನಿಯರ್ ಆದೆ, ಅಕ್ಕ ಎಮ್ಮೆ ಕಟ್ಟಿದ ಮನೆಗೆ ಸೊಸೆಯಾದಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದರೂ ಹಣೆಬರಹ ಒಂದೇ ಅಲ್ಲ ಎಂದು ಅವ್ವ ಅನ್ನುತ್ತಿದ್ದಳು. ಹಣೆಬರಹ ಬರೆದದ್ದು ಅಪ್ಪನೇ ಎಂದು ನಾನು ಅವಳೆದುರು ಎಂದೂ ಅನ್ನಲಿಲ್ಲ.

ಆ ಹಳ್ಳಿಗೆ ಹೋಗುವ ದಾರಿ ಗುಂಜಿ ಕಡೆಯಿಂದ ಗಟ್ಟಿನೆಲದಲ್ಲಿಯೇ ಬರುತ್ತದೆ. ಊರು ಕಣ್ಣಿಗೆ ಕಾಣಿಸುವ ಹೊತ್ತಿಗೆ ಮಾತ್ರ ಭತ್ತದ ಗದ್ದೆಗಳ ತಗ್ಗಿಗೆ ಇಳಿಯುತ್ತದೆ. ಮಳೆಗಾಲ ಪೂರ್ತಿ ಆ ತಗ್ಗು ಒಸರುತ್ತಲೇ ಇರುತ್ತದೆ. ಪ್ರತಿ ಬೇಸಿಗೆಗೆ ಯಾರೋ ಬಂದು ಅಲ್ಲಿ ಜಲ್ಲಿ ಸುರಿಯುತ್ತಿದ್ದರು, ಗಣೇಶನ ಹಬ್ಬದ ಹೊತ್ತಿಗೆ ಅದು ಕಾಣೆಯಾಗುತ್ತಿತ್ತು. ಆ ನೆಲಕ್ಕೆ ಹಸಿವು ಬಹಳ, ಎಷ್ಟು ಕಲ್ಲು ಕೊಟ್ಟರೂ ನುಂಗುತ್ತದೆ ಎಂದು ಊರವರು ಅನ್ನುತ್ತಿದ್ದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಈ ಕೆಲಸ ಗುತ್ತಿಗೆದಾರರಿಗೂ ಬೇಸರ ತಂದಿರಲಿಲ್ಲ. ಯಾಕೆ ತರುತ್ತದೆ, ಪ್ರತಿ ವರ್ಷ ಕೆಲಸ ಸಿಗುತ್ತಿತ್ತಲ್ಲ.

ಆ ತಗ್ಗಿನಿಂದಾಗಿ ಊರಿಗೆ ಬಸ್ಸಿರಲಿಲ್ಲ. ಬಸ್ಸಿಲ್ಲದ್ದರಿಂದ ನನ್ನ ಅಕ್ಕನ ಮಗಳ ಓದು ನಿಲ್ಲುವ ಹಂತಕ್ಕೆ ಬಂದಿತ್ತು.

ಹುಡುಗಿ ಖಾನಾಪುರದಲ್ಲಿ ಪಿಯುಸಿ ಮುಗಿಸಿದ್ದಳು. ಬೇಸಿಗೆ, ಚಳಿಗಾಲದಲ್ಲಿ ಗುಂಜಿಗೆ ನಡೆದು ಬಂದು ಅಲ್ಲಿಂದ ರೈಲೋ ಟೆಂಪೊವೋ ಹಿಡಿಯುತ್ತಿದ್ದಳು. ಮಳೆಗಾಲದಲ್ಲಿ ಮನೆಯಲ್ಲೇ ಕುಳಿತು ಗೆಳತಿಯರ ನೋಟ್ಸ್ ಓದಿ ಪಾಸಾದಳು. ಡಿಗ್ರಿಗೆ ಅದು ನಡೆಯುವುದಿಲ್ಲ, ಹಾಜರಿ ಬೇಕು. ಬೆಳಗಾವಿಗೆ ಬಂದು ನನ್ನ ಜೊತೆ ಇರು ಅಂದೆ. ಅದೂ ಆಗುವ ಹಾಗಿರಲಿಲ್ಲ. ಅಕ್ಕನ ಬೆರಳುಗಳ ಕೀಲಿಗೆ ವಾತ ಹಿಡಿದು ಕೈ ಮಡಚಲು ಬಾರದಂತಾಗಿತ್ತು. ಎಮ್ಮೆ ಹಿಂಡುವವಳು ಹುಡುಗಿಯೇ. ಬೆಳಿಗ್ಗೆ ಹಿಂಡಿ ಹೋಗಬೇಕು, ಸಂಜೆ ಬಂದು ಹಿಂಡಬೇಕು. ಅವಳ ಅಪ್ಪನ ಕೈಗೆ ಎಮ್ಮೆ ಹಾಲು ಬಿಡುವುದಿಲ್ಲವಂತೆ. ಎಮ್ಮೆಗೂ ಗಂಡಸರ ಗುಣ ಗೊತ್ತಾಗಿರಬೇಕು ಎಂದು ನಾನು ಅಕ್ಕನಿಗೆ ಹೇಳಿ ನಗಿಸಿದ್ದೆ.

ಅಕ್ಕನ ಗಂಡ ಕೆಟ್ಟವನಲ್ಲ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಗುಂಜಿ ಕಡೆ ಯಾರದೋ ತೋಟದಲ್ಲಿ ಸಂಬಳಕ್ಕೆ ದುಡಿದು ತನ್ನ ಗದ್ದೆಯನ್ನೂ ನೋಡಿಕೊಳ್ಳುತ್ತಾನೆ. ಆದರೆ ಅವನ ಅಕ್ಕನ ಮಗನೊಬ್ಬ ನಮ್ಮ ಹುಡುಗಿಯನ್ನು ಮದುವೆಯಾಗಲು ಕಾಯುತ್ತಿದ್ದ. ಆ ಮನೆಯವರು ಹಬ್ಬಹಬ್ಬಕ್ಕೂ ನೆನಪು ಮಾಡುತ್ತಿದ್ದರು.

ಹೀಗಿರುವಾಗ ಆ ರಸ್ತೆಯ ಕೆಲಸ ನಮ್ಮ ಗುತ್ತಿಗೆದಾರನಿಗೇ ಸಿಕ್ಕಿತು. ನಕ್ಷೆ ನೋಡಿದಾಗ ನನಗೆ ನಂಬಿಕೆ ಬರಲಿಲ್ಲ. ಗದ್ದೆಯ ತಗ್ಗಿಗೆ ಪೂರ್ತಿ ಬಟ್ಟೆ ಹಾಕಬೇಕು ಎಂದು ಯಾರೋ ಪುಣ್ಯಾತ್ಮ ಬರೆದಿದ್ದ. ಅಂದಿನ ಸಂತೋಷವನ್ನು ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ. ಒಂದು ತುಂಡು ಮಾದರಿ ಬಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು ಬರುವ ಆದಿತ್ಯವಾರವೇ ಅಕ್ಕನ ಮನೆಗೆ ಓಡಿದೆ.

ಹುಡುಗಿಯಿಂದ ಗದ್ದೆಯ ಹಸಿಮಣ್ಣು ತರಿಸಿದೆ. ಎರಡು ಗಾಜಿನ ಲೋಟಗಳಲ್ಲಿ ಅದನ್ನು ನೀರು ಹಾಕಿ ಕಲಸಿ ತುಂಬಿದೆವು. ಒಂದರ ಮೇಲೆ ಹರಳುಗಲ್ಲು ಹಾಗೆಯೇ ಹಾಕಿದೆವು, ಇನ್ನೊಂದರಲ್ಲಿ ನಡುವೆ ಬಟ್ಟೆಯ ತುಂಡು ಇಟ್ಟೆವು. ಹುಡುಗಿ ಕುಟ್ಟಾಣಿಯ ಗುಂಡಿನಿಂದ ಎರಡನ್ನೂ ಮೆಲ್ಲಗೆ ಕುಟ್ಟಿದಳು. ಮೊದಲನೆಯದರಲ್ಲಿ ಕಲ್ಲು ಮುಳುಗಿ ಕೆಸರು ಮೇಲೆ ಬಂತು. ಎರಡನೆಯದರಲ್ಲಿ ಸ್ವಲ್ಪ ನೀರಷ್ಟೇ ಏರಿತು, ಕಲ್ಲು ಮೇಲೆಯೇ ಇತ್ತು. ಅವಳು ಎರಡನೆಯ ಲೋಟವನ್ನು ಅಪ್ಪನ ಕೈಗೆ ಕೊಟ್ಟಳು. ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಇಷ್ಟ ಇದ್ದಿದ್ರ ಇಷ್ಟ ವರ್ಷ ಯಾಕ ಹಾಕಲಿಲ್ಲ?" ಎಂದು ಕೇಳಿದ.

"ಅದನ್ನ ನನ್ನ ಯಾಕ ಕೇಳ್ತೀರಿ ಮಾವಾ, ಈಗ ಹಾಕ್ತೀವಿ" ಅಂದೆ.

ಅವನು ಲೋಟ ಕೆಳಗಿಟ್ಟು ಮಗಳ ಮುಖ ನೋಡಿದ. "ಆತು. ಮಳಿಗಾಲದಾಗ ಊರಿಗೆ ಬಸ್ಸು ಬಂತಂದ್ರ ಕಾಲೇಜಿಗೆ ಕಳಸ್ತೇನಿ. ಬರಲಿಲ್ಲಂದ್ರ ಸುಮ್ನ ನಮ್ಮಕ್ಕನ ಮಗಗ ಕೊಡ್ತೇನಿ. ಆಮ್ಯಾಲೆ ನೀ ಬಂದು ನನ್ನ ಕೂಡ ವಾದಾ ಹಾಕೂದಿಲ್ಲ" ಎಂದು ನನಗೆ ಹೇಳಿದ.

ನಾನು ಒಪ್ಪಿದೆ. ಬಸ್ ಡಿಪೊದವರೂ ಒಪ್ಪಿದ್ದರು. ರಸ್ತೆ ಗಟ್ಟಿಯಾದರೆ ಕಾಲೇಜು ಶುರುವಾಗುವ ದಿನದಿಂದ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಬಿಡುತ್ತೇವೆ, ರಸ್ತೆ ಭಾರ ತಡೆದರೆ ಮುಂದುವರಿಸುತ್ತೇವೆ ಎಂದು ಊರ ಹಿರಿಯರಿಗೆ ಮಾತು ಕೊಟ್ಟಿದ್ದರು. ಹುಡುಗಿ ಡಿಗ್ರಿಗೆ ಹೆಸರು ಹಚ್ಚಿ ಬಂದಳು. ಆ ಆದಿತ್ಯವಾರ ನಾನು ಹೊರಟಾಗ ನನ್ನನ್ನು ಗುಂಜಿಯವರೆಗೆ ಕಳಿಸಲು ಬಂದವಳು ದಾರಿಯುದ್ದಕ್ಕೂ ಆ ತಗ್ಗಿನ ಬಗ್ಗೆಯೇ ಕೇಳುತ್ತಿದ್ದಳು. ಬಟ್ಟೆ ಎಷ್ಟು ವರ್ಷ ಬಾಳುತ್ತದೆ, ಎಮ್ಮೆಯ ಗೊರಸಿಗೆ ಹರಿಯುತ್ತದೆಯೇ, ಬೇರು ಚುಚ್ಚಿದರೆ ಏನಾಗುತ್ತದೆ. ಮಣ್ಣೊಳಗೆ ಬಿಸಿಲು ಕಾಣದೆ ಇದ್ದರೆ ನಿನ್ನ ಮೊಮ್ಮಕ್ಕಳೂ ಅದರ ಮೇಲೆ ಓಡಾಡುತ್ತಾರೆ ಎಂದು ಹೇಳಿದೆ.

ಮಚ್ಛೆಯ ಒಂದು ಗೋದಾಮಿನಿಂದ ಬಟ್ಟೆಯ ಸುರುಳಿಗಳನ್ನು ನಾನೇ ಟೆಂಪೊದಲ್ಲಿ ಹಾಕಿಸಿಕೊಂಡು ತಂದೆ. ಊರ ಸಾಲೆಯ ಕಟ್ಟೆಯ ಮೇಲೆ ಒಟ್ಟಿಸಿ, ಬಿಸಿಲು ತಾಗದಂತೆ ತಾಡಪತ್ರಿ ಮುಚ್ಚಿಸಿದೆ. ತಗ್ಗಿನಲ್ಲಿದ್ದ ಬೇರು, ಬೊಡ್ಡೆ ಎಲ್ಲ ಕೀಳಿಸಿ ನೆಲ ಸಮ ಮಾಡಿಸಿದೆ. ಇನ್ನು ಹಾಸುವುದೊಂದೇ ಬಾಕಿ. ಅಷ್ಟರಲ್ಲಿ ಭೂಮಿಪೂಜೆ ಆಗಬೇಕು ಎಂದರು.

ಭೂಮಿಪೂಜೆ ಕೆಲಸ ಶುರು ಮಾಡುವ ಮುಂಚೆ ಮಾಡುವುದು. ನಮ್ಮಲ್ಲಿ ಪುಢಾರಿಗೆ ಬಿಡುವಾದಾಗ ಮಾಡುತ್ತಾರೆ. ಪುಢಾರಿ ತಾನೊಬ್ಬನೇ ಬರುವುದಿಲ್ಲ, ಒಬ್ಬ ಅಯ್ಯನವರನ್ನೂ ಕರೆದುಕೊಂಡು ಬರುತ್ತಾನೆ ಎಂದು ಸುದ್ದಿ ಬಂತು. ಆ ಕಡೆ ಎಲ್ಲರೂ ನಡೆದುಕೊಳ್ಳುವ ವಯಸ್ಸಾದ ಸ್ವಾಮಿಗಳು. ಊರಿಗೆ ಅವರ ಪಾದ ಬಿದ್ದು ಬಹಳ ವರ್ಷವಾಗಿತ್ತಂತೆ. ಊರು ಒಂದು ವಾರ ನೆಲಕ್ಕೆ ಕಾಲು ಊರಲಿಲ್ಲ. ಮರಾಠಿ ಮಾತಾಡುವ ಮನೆಗಳು, ಕನ್ನಡ ಮಾತಾಡುವ ಮನೆಗಳು ಎಲ್ಲ ಕೂಡಿ ತೋರಣ ಕಟ್ಟಿದವು.

ಹಿಂದಿನ ದಿನ ಬೇಸಿಗೆಯ ಅಡ್ಡಮಳೆ ಹೊಡೆಯಿತು. ನಾನು ಸಮ ಮಾಡಿಸಿದ್ದ ತಗ್ಗು ಬೆಳಗಾಗುವಷ್ಟರಲ್ಲಿ ರಾಡಿಯಾಗಿತ್ತು. ಪೂಜೆಯ ಜಾಗ ಊರ ಬದಿಗೆ, ಕಾರುಗಳು ನಿಲ್ಲುವುದು ಆಚೆ ಬದಿಗೆ. ಅಯ್ಯನವರು ಬರಿಗಾಲಲ್ಲಿ ನಡೆಯುವವರು. ಊರ ಹಿರಿಯರು ತಲೆ ಮೇಲೆ ಕೈ ಹೊತ್ತು ನಿಂತರು. ಅವರ ಕಾಲಿಗೆ ಮಣ್ಣು ತಾಗದಂತೆ ನಡೆಮಡಿ ಹಾಸಬೇಕು, ಅಂದರೆ ಒಗೆದ ಬಿಳಿಬಟ್ಟೆಯನ್ನು ದಾರಿಯುದ್ದ ಹಾಸಿ ಅದರ ಮೇಲೆ ಅವರನ್ನು ನಡೆಸಬೇಕು. ಅಷ್ಟು ಉದ್ದದ ಬಟ್ಟೆ ಯಾರ ಮನೆಯಲ್ಲಿದೆ? ಇದ್ದ ಧೋತರ, ಚಾದರಗಳೆಲ್ಲ ಕೆಸರಿನಲ್ಲಿ ಮುಳುಗಿಯೇ ಹೋಗುತ್ತವೆ.

ನಮ್ಮ ಗುತ್ತಿಗೆದಾರ ಸಾಲೆಯ ಕಟ್ಟೆಯ ಕಡೆ ನೋಡಿದ.

"ಮೇಡಂ, ಅದನ್ನ ಹಾಸ್ರಿ" ಅಂದ.

ಬೇಡವೆಂದೆ. ಅದು ನಡೆಯಲು ತಂದದ್ದಲ್ಲ, ನೆಲ ಮತ್ತೆ ಸಮ ಮಾಡದೆ ಹಾಸಿದರೆ ಪ್ರಯೋಜನವಿಲ್ಲ ಎಂದೆ. ಅವನು ನಕ್ಕ. "ಒಂದ ತಾಸಿನ ಮಾತ್ರಿ. ಹೆಂಗಿದ್ರೂ ಮಣ್ಣಾಗ ಹೋಗೂ ಬಟ್ಟಿ. ಅಯ್ಯಾರು ನಡೀಲಿ, ಆಮ್ಯಾಲೆ ಸುತ್ತಿ ಇಟ್ಟು ನಾಳೆ ನೀವು ಹೇಳಿದಂಗ ಹಾಸೂಣು" ಅಂದ. ಹೇಳುವವರ ಬಾಯಿಂದ ಕೇಳಿದರೆ ಎಲ್ಲವೂ ಸರಿಯೇ ಅನ್ನಿಸುತ್ತದೆ. ನಮ್ಮ ಹುಡುಗರು ಸುರುಳಿಗಳನ್ನು ಹೊತ್ತು ತಂದು ಒಂದರ ಮುಂದೊಂದು ಬಿಡಿಸಿದರು. ಆ ರಾಡಿಯ ನಡುವೆ ಬಿಳಿಯ ದಾರಿ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಯಿತು. ಹೆಂಗಸರು ಅದರ ಮೇಲೆ ಚೆಂಡುಹೂ ಚೆಲ್ಲಿದರು.

ಅಯ್ಯನವರು ಮೆಲ್ಲಗೆ ನಡೆದು ಬಂದರು. ಹಿಂದೆ ಪುಢಾರಿ ಬೂಟು ಬಿಚ್ಚಿ ಬರಿಗಾಲಲ್ಲಿ ಬಂದ. ಬೂಟನ್ನು ಹಿಡಿದುಕೊಳ್ಳಲು ಅವನಿಗೆ ಬೇರೊಬ್ಬನಿದ್ದ. ಇಲಾಖೆಯ ಸಾಹೇಬರು ಫೋಟೋ ತೆಗೆಸಿದರು. ಗುದ್ದಲಿ ಎತ್ತಿದರು, ತೆಂಗಿನಕಾಯಿ ಒಡೆದರು, ಭಾಷಣವಾಯಿತು. ಸಾಲೆಯ ಬಯಲಲ್ಲಿ ಗೋಧಿಹುಗ್ಗಿಯ ಊಟ ಶುರುವಾಯಿತು.

ಅಯ್ಯನವರು ಊಟ ಮಾಡದೆ ಹೊರಟರು. ಬಂದ ದಾರಿಯಲ್ಲೇ ನಡೆಸಿಕೊಂಡು ಹೋಗಿ ಕಾರಿನ ತನಕ ಬಿಟ್ಟವರಲ್ಲಿ ನಾನೂ ಇದ್ದೆ. ಕಾರು ಹತ್ತುವ ಮುಂಚೆ ಅವರು ನನ್ನ ಹೆಲ್ಮೆಟ್ ನೋಡಿ ಹತ್ತಿರ ಕರೆದರು.

"ಯವ್ವಾ, ಇದು ಅರಿವಿ ಅಲ್ಲ. ಕಾಲಿಗೆ ಬ್ಯಾರೇನೋ ಹತ್ತತೈತಿ. ಯಾವದಕ್ಕ ತಂದದ್ದು ಇದು?" ಎಂದು ಕೇಳಿದರು.

ಹೇಳಿದೆ. ಕಲ್ಲು, ಕೆಸರು, ಬಸ್ಸು ಎಲ್ಲ ಹೇಳಿದೆ. ಅವರು ಒಂದು ಕ್ಷಣ ತಮ್ಮ ಪಾದ ನೋಡಿಕೊಂಡರು. "ಹಂಗಾರ ಇದು ಈ ಮಂದಿ ಕಾಲಿಗೆ ಬಂದದ್ದು, ನನ್ನ ಕಾಲಿಗಲ್ಲ. ಲಗೂನ ಮಣ್ಣ ಮುಚ್ಚಸು" ಎಂದು ಹೇಳಿ ಕಾರು ಹತ್ತಿದರು. ಆ ಮಾತು ಕೇಳಿದ್ದು ನಾನು ಮತ್ತು ಅವರ ಡ್ರೈವರ್ ಮಾತ್ರ.

ತಿರುಗಿ ನೋಡಿದಾಗ ಊಟದ ಸಾಲು ಖಾಲಿಯಾಗಿತ್ತು. ಜನರೆಲ್ಲ ತಗ್ಗಿನಲ್ಲಿದ್ದರು.

ಆ ಊರಿನ ರೂಢಿ ನನಗೆ ಗೊತ್ತಿರಲಿಲ್ಲ. ನಮ್ಮ ದೇಸೂರ ಕಡೆ ನಡೆಮಡಿ ಹಾಸಿದ ಬಟ್ಟೆಯನ್ನು ಅಗಸರು ಸುತ್ತಿಕೊಂಡು ಹೋಗುತ್ತಾರೆ, ಅಲ್ಲಿಗೆ ಮುಗಿಯಿತು. ಇಲ್ಲಿ ಹಾಗಲ್ಲ. ಅಯ್ಯನವರು ನಡೆದ ಬಟ್ಟೆಯನ್ನು ಹರಿದು ಮನೆಮನೆಗೆ ಹಂಚಿಕೊಳ್ಳುತ್ತಾರೆ. ಬೀಜದ ಬುಟ್ಟಿಯಲ್ಲಿ ಇಟ್ಟರೆ ಹುಳ ಹತ್ತುವುದಿಲ್ಲವಂತೆ, ದನದ ಕೊರಳಿಗೆ ಕಟ್ಟಿದರೆ ರೋಗ ಬರುವುದಿಲ್ಲವಂತೆ. ಬೇರೆ ಬಟ್ಟೆಯಾಗಿದ್ದರೆ ಕೈಯಲ್ಲಿ ಹರಿಯುತ್ತಿತ್ತು. ಇದು ಹರಿಯಲಿಲ್ಲ. ಇಬ್ಬಿಬ್ಬರು ಹಿಡಿದು ಎಳೆದರೂ ಹರಿಯಲಿಲ್ಲ. ಹರಿಯದ್ದನ್ನು ಕಂಡು ಭಕ್ತಿ ಇನ್ನೂ ಹೆಚ್ಚಾಯಿತು. ಅಯ್ಯಾರ ಪಾದದ ಮಹಿಮೆ ಎಂದು ಒಬ್ಬ ಮುದುಕ ಕೂಗಿದ. ಮನೆಗಳಿಂದ ಕುಡಗೋಲು ಬಂದವು.

ಕಾರ್ಖಾನೆಯವರು ಹರಿಯಬಾರದೆಂದೇ ಮಾಡಿದ ಬಟ್ಟೆ ಅದು. ಅದಕ್ಕೆ ಬೇಕಾದ ಸರ್ಟಿಫಿಕೇಟ್ ಎಲ್ಲ ನನ್ನ ಚೀಲದಲ್ಲಿತ್ತು. ನಾನು ಕೆಸರಿನಲ್ಲಿ ಓಡಿದೆ. ಕೂಗಿದೆ. ಅಯ್ಯಾರೇ ಮಣ್ಣು ಮುಚ್ಚಿಸು ಅಂದಿದ್ದಾರೆ ಎಂದು ಗಂಟಲು ಹರಿಯುವಂತೆ ಕೂಗಿದೆ. ಒಬ್ಬ ಹಿರಿಯ ಕುಡಗೋಲು ಆಡಿಸುತ್ತಲೇ, "ಅವರು ದೊಡ್ಡವರವಾ, ಹಂಗ ಅಂತಾರ. ಅಂದ್ರಂತ ನಾವು ಮುಚ್ಚಬೇಕೇನು?" ಅಂದ.

ಅಲ್ಲಿಯೇ, ತಗ್ಗಿನ ನೀರು ಹಾಯುವ ಮೋರಿಯ ಹತ್ತಿರ, ಅಕ್ಕನ ಗಂಡನೂ ಬಗ್ಗಿ ಕುಳಿತು ಕತ್ತರಿಸುತ್ತಿದ್ದ. ಅವನ ತುಂಡು ಎಲ್ಲರದಕ್ಕಿಂತ ದೊಡ್ಡದಿತ್ತು.

"ಮಾವಾ, ಏನ್ ಮಾಡಾಕತ್ತೀರಿ? ಲೋಟದಾಗ ನೋಡಿದ್ರಲ್ಲ! ಅದು ನಿಮ್ಮ ಮಗಳ ಬಸ್ಸು" ಎಂದೆ.

ಅವನು ತಲೆ ಎತ್ತಿದ. ಅವನ ಕಣ್ಣಲ್ಲಿ ನೀರಿತ್ತು, ಖರೇ ಹೇಳುತ್ತೇನೆ. "ಬಾಯಿ ಬಿಟ್ಟು ಹಂಗ ಅನಬ್ಯಾಡ. ಅಯ್ಯಾರು ಪಾದ ಇಟ್ಟದ್ದರ ಮ್ಯಾಲೆ ಖಡಿಕಲ್ಲ ಸುರದು ಎಮ್ಮಿ ಸಗಣಿ ಹಾಕಸೂದೇನು? ಆ ಪಾಪ ಯಾರಿಗೆ ಬಡೀತೈತಿ? ನನ್ನ ಮಗಳಿಗೇ ಬಡೀತೈತಿ. ಆಕಿ ಸಲುವಾಗೇ ಒಯ್ಯಾಕತ್ತೇನಿ" ಅಂದ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹುಗ್ಗಿ ಆರುವ ಮುಂಚೆ ತಗ್ಗು ಮತ್ತೆ ಬರೀ ಕೆಸರಾಯಿತು. ಹುಡುಗಿ ಸಾಲೆಯ ಕಟ್ಟೆಯ ಮೇಲೆ, ಸುರುಳಿಗಳನ್ನು ಒಟ್ಟಿದ್ದ ಜಾಗದಲ್ಲಿ ನಿಂತು ನೋಡುತ್ತಿದ್ದಳು. ಓಡಿ ಬರಲಿಲ್ಲ, ಅಳಲಿಲ್ಲ. ಅಪ್ಪ ಬಟ್ಟೆಯನ್ನು ಹೆಗಲ ಮೇಲೆ ಹೊತ್ತು ಅವಳ ಮುಂದೆಯೇ ಮನೆಗೆ ಹೋದ.

ಗುತ್ತಿಗೆದಾರನಿಗೆ ಬೇರೆ ಬಟ್ಟೆ ತರಿಸಿ ಅಂದೆ. ಅವನು ಹುಗ್ಗಿ ತಿಂದ ಕೈ ಒರೆಸಿಕೊಳ್ಳುತ್ತ, "ಮಂದಿ ಭಾವನಾದ ಪ್ರಶ್ನೆರೀ ಇದು, ನಾವು ನಡುವ ಬರಬಾರದು" ಅಂದ. ಇಲಾಖೆಯ ಸಾಹೇಬರ ಬಳಿ ಹೋದೆ. ಅವರು ಮೊಬೈಲು ತೆಗೆದು ನನಗೆ ಫೋಟೋ ತೋರಿಸಿದರು. ಅದರಲ್ಲಿ ತಗ್ಗಿನ ಈ ಬದಿಯಿಂದ ಆ ಬದಿಗೆ ಬಿಳಿಬಟ್ಟೆ ಹಾಸಿತ್ತು, ಅದರ ಮೇಲೆ ಇಡೀ ಸರಕಾರ ನಡೆದು ಬರುತ್ತಿತ್ತು. "ಬಟ್ಟಿ ಹಾಸೇತಿ, ಫೋಟೋ ಐತಿ. ಮತ್ತೇನ್ರಿ ಮೇಡಂ?" ಎಂದು ಕೇಳಿದರು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಮಾಡಿದವನಿಗೆ ನಮ್ಮ ರಸ್ತೆಕೆಲಸದ ಅನುಭವ ಇದ್ದಿರಬೇಕು.

ಮೇಲಿನವರಿಗೂ ಬರೆದು ನೋಡಿದೆ. ಕೆಲಸ ಪ್ರಗತಿಯಲ್ಲಿದೆ ಎಂದು ತಿಳಿಸಿದರು.

ಜಲ್ಲಿಯ ಟಿಪ್ಪರ್‌ಗಳು ಬರಲು ಇನ್ನೂ ಕೆಲವು ದಿನ ಇತ್ತು. ನಾನು ರಜೆ ಹಾಕಿ ಅಕ್ಕನ ಮನೆಯಲ್ಲಿ ಉಳಿದೆ. ತುಂಡುಗಳನ್ನೇ ಒಂದರ ಮೇಲೊಂದು ಒಂದು ಮೊಳ ಬರುವಂತೆ ಜೋಡಿಸಿದರೂ ಕೆಲಸಕ್ಕೆ ಬರುತ್ತದೆ ಎಂದು ಹುಡುಗಿಗೆ ಹೇಳಿದೆ. ಇಬ್ಬರೂ ಮನೆಮನೆಗೆ ಹೋಗಿ ಕೇಳಿದೆವು. ಭಿಕ್ಷೆ ಎಂದರೂ ನಡೆಯುತ್ತದೆ.

ಜನ ಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸಲಿಲ್ಲ. ಕುಂದರ್ರಿ ಅಂದರು, ಚಹಾ ಕೊಟ್ಟರು, ಮಜ್ಜಿಗೆ ಕೊಟ್ಟರು, ಬಟ್ಟೆ ಮಾತ್ರ ಕೊಡಲಿಲ್ಲ. ಒಬ್ಬರ ಮನೆಯಲ್ಲಿ ಅದು ದೇವರ ಜಗಲಿಯ ಮೇಲಿತ್ತು. ಇನ್ನೊಬ್ಬರು ತಲೆಬಾಗಿಲಿಗೆ ಮೊಳೆ ಹೊಡೆದಿದ್ದರು. ಒಬ್ಬ ಬಾಣಂತಿ ಕೂಸನ್ನು ಅದರಲ್ಲಿ ಸುತ್ತಿದ್ದಳು, ಕೂಸು ತುರಿಕೆಗೆ ಅಳುತ್ತಿತ್ತು. ಒಬ್ಬ ಮರಾಠಿ ಅಜ್ಜಿ ಮಾತ್ರ ತನ್ನ ತುಂಡನ್ನು ಕೊಟ್ಟಳು. ಅವಳಿಗೂ ಪಾಪದ ಹೆದರಿಕೆ ಇತ್ತು. ಹುಡುಗಿಯ ತಲೆ ಸವರಿ, ಪೋರೀ, ಪಾಪ ನನಗಿರಲಿ, ನಾನು ಇನ್ನೆಷ್ಟು ದಿನ ಇರುತ್ತೇನೆ ಎಂದು ಮರಾಠಿಯಲ್ಲಿ ಹೇಳಿದಳು. ಅವಳನ್ನು ನೋಡಿ ಇನ್ನೂ ಕೆಲವರು ಕೊಟ್ಟರು.

ಕೊನೆಗೆ ಹುಡುಗಿ ತನ್ನ ಮನೆಯ ದೇವರಕೋಣೆಯ ಬಾಗಿಲಲ್ಲಿ ನಿಂತಳು.

"ಅಪ್ಪಾ, ನಮ್ಮದೂ ಕೊಡು" ಅಂದಳು.

"ಅದು ನಿನ್ನ ಸಲುವಾಗೇ ಇಟ್ಟೇನಿ" ಅಂದ ಅವನು.

"ನನ್ನ ಸಲುವಾಗ ಇದ್ರ ನನಗ ಕೊಡು."

ಅವನು ಕೊಡಲಿಲ್ಲ. ಬೈಯಲೂ ಇಲ್ಲ. ಎದ್ದು ಎಮ್ಮೆಗೆ ನೀರು ಕುಡಿಸಲು ಹೋದ. ಅಕ್ಕ ಮಡಚಲು ಬಾರದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು. ನಾನು ಒಳಗೆ ನುಗ್ಗಿ ಅದನ್ನು ಎಳೆದುಕೊಂಡು ಬರಬಹುದಿತ್ತು. ಅಕ್ಕ ಬೇಡವೆಂದು ತಲೆ ಅಲ್ಲಾಡಿಸಿದಳು, ಆ ಮನೆಯಲ್ಲಿ ಇರಬೇಕಾದವಳು ಅವಳು.

ಕೂಡಿಸಿದ್ದೆಲ್ಲ ಮೋರಿಯ ಪಕ್ಕದ ಒಂದು ಸಣ್ಣ ಜಾಗಕ್ಕೆ ಸಾಕಾಯಿತು. ಅದನ್ನೇ ನಾವಿಬ್ಬರೂ ಮಂಡಿಯೂರಿ ಜೋಡಿಸಿ ಹಾಸಿ ಅಂಚಿಗೆ ಕಲ್ಲು ಹೇರಿದೆವು. ಮಾರನೇ ದಿನ ಟಿಪ್ಪರ್‌ಗಳು ಬಂದು ಎಲ್ಲ ಕಡೆಗೂ ಜಲ್ಲಿ ಸುರಿದವು, ರೋಲರ್ ತಿರುಗಿತು, ಡಾಂಬರು ಬಿತ್ತು. ನೋಡಲು ಚಂದ ಕಾಣಿಸಿತು. ಬೇಸಿಗೆಯಲ್ಲಿ ಎಲ್ಲ ರಸ್ತೆಯೂ ಚಂದವೇ.

ಮಳೆಗಾಲ ಶುರುವಾಗಿ ಮಿರಗದ ಮಳೆ ಹಿಡಿದದ್ದು ಬಿಡಲಿಲ್ಲ. ಡಾಂಬರು ಮೊದಲು ಬಿರುಕು ಬಿಟ್ಟಿತು, ಬಿರುಕುಗಳಿಂದ ತಿಳಿಗೆಸರು ಉಕ್ಕಿತು, ಟ್ರ್ಯಾಕ್ಟರ್ ಹೋದಲ್ಲೆಲ್ಲ ಗಾಲಿಯ ಗುಂಡಿ ಬಿತ್ತು. ಮೋರಿಯ ಪಕ್ಕದ ಆ ಸಣ್ಣ ಜಾಗ ಮಾತ್ರ ಅಲ್ಲಾಡಲಿಲ್ಲ. ಸುತ್ತಲೂ ರಾಡಿ, ನಡುವೆ ಒಂದು ತುಂಡು ಗಟ್ಟಿ ರಸ್ತೆ. ಜನ ಗದ್ದೆಯಿಂದ ಬರುವಾಗ ಅದರ ಮೇಲೆ ನಿಂತು ಕಾಲಿನ ಕೆಸರು ಝಾಡಿಸುತ್ತಿದ್ದರು. ಅಲ್ಲಿ ನಾವು ಹಾಸಿದ್ದು ಏನೆಂದು ಎಲ್ಲರೂ ಬಲ್ಲರು.

ಕಾಲೇಜು ಶುರುವಾಗುವ ದಿನ ಡಿಪೊದವರು ಮಾತಿನಂತೆ ಬಸ್ಸು ಕಳಿಸಿದರು. ನಾನು ಗುಂಜಿಯಿಂದ ಅದೇ ಬಸ್ಸಿನಲ್ಲಿ ಬಂದೆ. ಡ್ರೈವರ್ ಧೈರ್ಯಸ್ಥ, ತಗ್ಗಿಗೆ ಇಳಿಸಿದ. ಅರ್ಧಕ್ಕೆ ಬರುವುದರೊಳಗೆ ಹಿಂದಿನ ಗಾಲಿಗಳು ಹೂತುಹೋದವು. ನಾನು ಇಳಿದೆ. ಊರ ಗಂಡಸರೆಲ್ಲ ಓಡಿ ಬಂದರು, ಹಗ್ಗ ಬಂತು, ಟ್ರ್ಯಾಕ್ಟರ್ ಬಂತು. ಹುಡುಗಿ ಹೊಸ ಚೂಡಿದಾರ ಹಾಕಿಕೊಂಡು ಚಪ್ಪಲಿ ಕೈಯಲ್ಲಿ ಹಿಡಿದು ಮೊಳಕಾಲ ತನಕ ಕೆಸರಿನಲ್ಲಿ ನಡೆದು ಬಂದು ಬಸ್ಸು ಹತ್ತಿದಳು. ಹತ್ತಿ ಕಿಟಕಿಯ ಪಕ್ಕ ಕುಳಿತಳು.

"ಇಳೀವಾ, ಭಾರ ಆಗತೈತಿ" ಅಂದ ಕಂಡಕ್ಟರ್.

"ನನ್ನ ಭಾರ ಎಷ್ಟ ಐತ್ರಿ?" ಅಂದಳು. ಇಳಿಯಲಿಲ್ಲ.

ಅವಳ ಅಪ್ಪ ಹೊರಗೆ ಕೆಸರಿನಲ್ಲಿ ನಿಂತು ಬಸ್ಸಿಗೆ ಹೆಗಲು ಕೊಟ್ಟಿದ್ದ. ಮಗಳು ಒಳಗೆ, ಅಪ್ಪ ಹೊರಗೆ. ಕೂಗಿ ಹೇಳಿದರೂ ಇಳಿಯದವಳನ್ನು ಅವನು ಮತ್ತೆ ಕರೆಯಲಿಲ್ಲ, ಹಲ್ಲು ಕಚ್ಚಿ ನೂಕಿದ. ಬಹಳ ಹೊತ್ತಿನ ಮೇಲೆ ಬಸ್ಸು ಮೇಲೆ ಬಂತು, ಊರ ಕಡೆಗಲ್ಲ, ಹಿಂದಕ್ಕೆ. ಡ್ರೈವರ್ ಊರ ಹಿರಿಯರಿಗೆ ಕೈ ಮುಗಿದು ಇನ್ನು ನಾವು ಬರುವುದಿಲ್ಲ ಎಂದು ಹೇಳಿ ಗಾಡಿಯನ್ನು ಗುಂಜಿಗೆ ತಿರುಗಿಸಿದ. ಹುಡುಗಿ ಕಿಟಕಿಯಿಂದ ಹೊರಗೆ ನೋಡಲಿಲ್ಲ. ಅದೇ ಬಸ್ಸಿನಲ್ಲಿ ಖಾನಾಪುರಕ್ಕೆ ಹೋದಳು. ಸಂಜೆ ಗುಂಜಿಯಿಂದ ಮಳೆಯಲ್ಲಿ ನಡೆದು ಬಂದಳು. ಕೆಚ್ಚಲು ಬಿಗಿದು ಎಮ್ಮೆಗಳು ಒದರುತ್ತಿದ್ದವು. ಕೈಕಾಲು ತೊಳೆದುಕೊಂಡು ನೇರ ಹಿಂಡಲು ಕುಳಿತಳು.

ಮರುದಿನ ಅವಳು ಹೋಗುತ್ತೇನೆ ಎಂದು ಕೇಳಲಿಲ್ಲ, ಅಪ್ಪ ಹೋಗಬೇಡ ಎಂದು ಹೇಳಲಿಲ್ಲ. ಪಂಚಮಿ ಹಬ್ಬಕ್ಕೆ ಅವನ ಅಕ್ಕನ ಮನೆಯವರು ಬಂದು ಮಾತು ಮುಗಿಸಿದರು. ನಾನು ವಾದ ಹಾಕಿದೆ, ಕೊಟ್ಟ ಮಾತು ಮುರಿದು ಹಾಕಿದೆ. ಅವನು ಒಂದೇ ಮಾತು ಹೇಳಿದ, "ಬಸ್ಸು ಬರಲಿಲ್ಲಲ್ಲವಾ". ಈಗ ನಾನು ಅವನ ಜೊತೆ ಮಾತಾಡುವುದಿಲ್ಲ. ಅದೇ ಗುತ್ತಿಗೆದಾರನ ಕೈಕೆಳಗೆ ಮಾತ್ರ ಇನ್ನೂ ದುಡಿಯುತ್ತೇನೆ, ನನ್ನ ಸಿಟ್ಟಿನ ಬೆಲೆ ಅಷ್ಟೇ.

ಮದುವೆಗೆ ಮುಂಚೆ ಬಟ್ಟೆಬರೆ ಕೊಳ್ಳಲು ಹುಡುಗಿ ಬೆಳಗಾವಿಗೆ ಬಂದು ವಡಗಾವಿಯ ನನ್ನ ಮನೆಯಲ್ಲಿ ಉಳಿದಳು. ಅಂಗಡಿ ತಿರುಗಿ ದಣಿದು ಬಂದು ಇಬ್ಬರೂ ಅವಲಕ್ಕಿ ತಿನ್ನುತ್ತ ಕುಳಿತಿದ್ದಾಗ, ಅಷ್ಟು ದಿನ ಕೇಳಬೇಕೆಂದು ಕೇಳದೆ ಇದ್ದದ್ದನ್ನು ಕೇಳಿದೆ. ಅವತ್ತು ಕಾಲೇಜಿನಲ್ಲಿ ಏನು ಕಲಿಸಿದರು ಅಂದೆ.

"ಏನೂ ಕಲಿಸಲಿಲ್ಲ ಚಿಗವ್ವಾ. ಮೊದಲನೇ ದಿನ ಅಲ್ಲಾ, ಹಾಜರಿ ಅಷ್ಟ ತೊಗೊಂಡ್ರು. ನನ್ನ ಹೆಸರು ಕರದ್ರು. ನಾ ಎದ್ದು ನಿಂತು 'ಹಾಜರ್ ರೀ' ಅಂದೆ" ಎಂದಳು.

ತಟ್ಟೆಯಲ್ಲಿ ಉಳಿದಿದ್ದ ಅವಲಕ್ಕಿಯನ್ನು ಬೆರಳಿನಿಂದ ಒಂದು ಕಡೆ ಒಟ್ಟಿದಳು.

"ಈಗೂ ದಿನಾ ನನ್ನ ಹೆಸರು ಕರೀತಿರಬೇಕಲ್ಲಾ?" ಎಂದು ಕೇಳಿದಳು.